ಸಹಿ ಮಾಡ್ತೀನಿ, ಪಂಚಮಿಗೆ ಕರಿಯಾಕ ಬರ್ತೀಯೇನ್?

ಜಾತ್ರೆಗಳ ಕಾಲ ಬಂತೆಂದರೆ ನಮ್ಮ ಕಡೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಖಾಯಂ. ‘ನಾಟಕಗಳು ಸಮಾಜದ ಕನ್ನಡಿ’ ಎಂಬ ತಲೆಬರಹ, ಕೆಳಗೆ ಒಂದೇ ದೀಪಕ್ಕೆ ಏಳು ಜನ ಕೈ ಚಾಚಿದ ಫೋಟೊ. ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. ನಾಟಕ ಮಾತ್ರ ಇರುವುದಿಲ್ಲ. ಅದನ್ನು ಬರೆದವರಾರು, ಅದರಲ್ಲಿ ಏನಿತ್ತು, ಜನ ಎಲ್ಲಿ ನಕ್ಕರು, ಎಲ್ಲಿ ಅತ್ತರು, ಎಲ್ಲಿ ಎದ್ದು ಹೋದರು ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ. ಕಾರಣ ಸರಳ. ಉದ್ಘಾಟನೆ ಮುಗಿಯುವುದು ಹತ್ತೂವರೆಗೆ, ನಾಟಕ ಶುರುವಾಗುವುದು ಹನ್ನೊಂದಕ್ಕೆ, ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಅಲ್ಲಿ ತನಕ ಕೂತು ನೋಡಿ ಬಾ ಎಂದು ತಾಲ್ಲೂಕು ವರದಿಗಾರನಿಗೆ ಹೇಳುವ ಸಂಪಾದಕರು ಯಾರಿದ್ದಾರೆ?

ಹಾಗಾಗಿ ಈ ಸಲ ಒಂದು ನಾಟಕದ ಬಗ್ಗೆಯೇ ಬರೆಯುತ್ತೇನೆ, ಉದ್ಘಾಟಕರನ್ನು ಬಿಟ್ಟು. ಊರಿನ ಹೆಸರು, ನಾಟಕದ ಹೆಸರು ಕೂಡ ಇರುವುದಿಲ್ಲ. ಅದು ಬರೆದವನ ಕೋರಿಕೆ. ಯಾಕೆಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಗದಗ, ಕೊಪ್ಪಳ ಜಿಲ್ಲೆಗಳ ಗಡಿಯ ಒಂದು ಊರು ಎಂದಿಟ್ಟುಕೊಳ್ಳಿ.

ನಮ್ಮ ಕಡೆಯ ಹಳ್ಳಿ ನಾಟಕ ಹೇಗೆ ತಯಾರಾಗುತ್ತದೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಜಾತ್ರೆಗೆ ಎರಡು ತಿಂಗಳ ಮೊದಲು ಹುಡುಗರು ಸೇರಿ ನಾಟಕದ ಪುಸ್ತಕ ಆರಿಸುತ್ತಾರೆ. ಪಾತ್ರ ಹಂಚುವುದು ಪ್ರತಿಭೆ ನೋಡಿ ಅಲ್ಲ, ವಂತಿಗೆ ನೋಡಿ. ಹೀರೊ ಆಗುವವನು ಹೆಚ್ಚು ಕೊಡಬೇಕು, ಗೌಡನ ಪಾತ್ರಕ್ಕೆ ಅದಕ್ಕಿಂತ ತುಸು ಕಡಿಮೆ, ಆಳುಮಗ ಮತ್ತು ಪೊಲೀಸು ಅಗ್ಗ. ಹಾರ್ಮೋನಿಯಂ ಮಾಸ್ತರು ರಾತ್ರಿ ಸಮುದಾಯ ಭವನದಲ್ಲಿ ತಾಲೀಮು ಮಾಡಿಸುತ್ತಾರೆ. ಹೆಣ್ಣು ಪಾತ್ರಗಳಿಗೆ ಗದಗ, ಬಾಗಲಕೋಟೆ, ಇಳಕಲ್ಲಿನಿಂದ ಕಲಾವಿದೆಯರು ಬರುತ್ತಾರೆ, ಬಹುಪಾಲು ನಾಟಕದ ದಿನವೇ. ಬಸ್ಸಿನಲ್ಲಿ ಕೂತು ಮಾತು ಓದಿಕೊಂಡು, ಸಂಜೆ ಒಂದು ಸಲ ಮಾಸ್ತರ ಹತ್ತಿರ ಕೇಳಿಕೊಂಡು, ರಾತ್ರಿ ಐದು ತಾಸು ಅಳುತ್ತಾರೆ, ನಗುತ್ತಾರೆ, ಹಾಡುತ್ತಾರೆ. ಬೆಳಗ್ಗೆ ಮೊದಲ ಬಸ್ಸಿಗೆ ಹೋಗುತ್ತಾರೆ. ಕರ್ನಾಟಕದಲ್ಲಿ ಇವರಷ್ಟು ದುಡಿಯುವ ನಟಿಯರು ಬೇರೆ ಎಲ್ಲೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಶಸ್ತಿಗಳ ಪಟ್ಟಿಯಲ್ಲಿ ಇವರ ಹೆಸರು ಕಾಣುವುದು ಅಪರೂಪ.

ಇನ್ನು ಕಥೆ. ಅಣ್ಣ, ತಂಗಿ, ಅತ್ತಿಗೆ, ಊರ ಗೌಡ, ಗೌಡನ ಮಗಳನ್ನು ಪ್ರೀತಿಸುವ ಬಡವ. ಇದು ಇಂದು ನಿನ್ನೆಯದಲ್ಲ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವಾಗಿ ಹಳ್ಳಿ ಹಳ್ಳಿ ಸುತ್ತಿ, 1974ರಲ್ಲಿ ರಾಜಕುಮಾರ್ ಸಿನಿಮಾ ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲಿನಿಂದ ಇರುವುದು ಸಂಸಾರದ ಕಷ್ಟ ನುಂಗುವ ಸೊಸೆಯ ಕಥೆ. ಗದಗದ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ ಆಡುತ್ತಿದ್ದ ‘ಹೇಮರಡ್ಡಿ ಮಲ್ಲಮ್ಮ’ ನೋಡಿ ಅತ್ತ ಅಜ್ಜಿಯರು ನಮ್ಮ ಎಲ್ಲರ ಮನೆಯಲ್ಲೂ ಇದ್ದರು. ಇವತ್ತು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ತಿಂಗಳಗಟ್ಟಲೆ ಕ್ಯಾಂಪು ಹಾಕಿದ ಕಂಪನಿಗಳು ಸಾಲಾಗಿ ಸಿಗುತ್ತವೆ. ನಾಟಕದ ಹೆಸರುಗಳಲ್ಲಿ ದ್ವಂದ್ವಾರ್ಥ ಬಂದಿದೆ, ಆದರೆ ಒಳಗೆ ಕಥೆ ಬಹುಮಟ್ಟಿಗೆ ಅದೇ, ಪ್ರೀತಿ ಮತ್ತು ಸಂಸಾರ.

ಈ ಕಥೆಗಳಲ್ಲಿ ಒಂದು ಜಾಣತನವಿದೆ. ಬಡವ ಮತ್ತು ಶ್ರೀಮಂತೆ ಎಂದು ಶುರುವಾಗುತ್ತದೆ, ಜಾತಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿದರೂ ಕೊನೆಯ ಅಂಕದಲ್ಲಿ ಒಬ್ಬ ಮುದುಕ ಬಂದು, ಈ ಹುಡುಗ ಮೂವತ್ತು ವರ್ಷದ ಹಿಂದೆ ಜಾತ್ರೆಯಲ್ಲಿ ಕಳೆದುಹೋದ ಗೌಡರ ತಮ್ಮನ ಮಗ ಎನ್ನುತ್ತಾನೆ. ತೋಳಿನ ಮೇಲೆ ಮಚ್ಚೆ ಇರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪ್ರೀತಿಯೂ ಉಳಿಯಿತು, ಜಾತಿಯೂ ಉಳಿಯಿತು. ಮಚ್ಚೆ ಸಿಗದಿದ್ದರೆ ಹುಡುಗನೋ ಹುಡುಗಿಯೋ ವಿಷ ಕುಡಿಯಬೇಕು. ಈ ಎರಡನ್ನು ಬಿಟ್ಟು ಮೂರನೆಯ ಮುಕ್ತಾಯವನ್ನು ಹಳ್ಳಿ ನಾಟಕದಲ್ಲಿ ನಾನು ನೋಡಿರಲಿಲ್ಲ. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ಇದನ್ನೆಲ್ಲ ನೇರವಾಗಿ ಮಾತಾಡಿವೆ, ನಿಜ. ಆದರೆ ಅವು ವಿಶ್ವವಿದ್ಯಾಲಯದ ಪಠ್ಯದಲ್ಲಿ ಮತ್ತು ಪಟ್ಟಣದ ರಂಗಮಂದಿರಗಳಲ್ಲಿ ಇವೆ. ಜಾತ್ರೆಯ ಸ್ಟೇಜಿಗೆ ಅವು ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಹೇಳಹೊರಟ ನಾಟಕ ಬರೆದವನು ಆ ಊರಿನ ಹಿಟ್ಟಿನ ಗಿರಣಿಯವನು. ಓದಿದ್ದು ಪಿಯುಸಿ. ಇಪ್ಪತ್ತು ವರ್ಷದಿಂದ ಗಿರಣಿ ನಡೆಸುತ್ತಿದ್ದಾನೆ. ಜೋಳದ ಚೀಲ ಇಟ್ಟುಕೊಂಡು ಪಾಳಿಗೆ ಕೂತ ಹೆಂಗಸರು ಮಾತಾಡುವುದೆಲ್ಲ ಅವನ ಕಿವಿಗೆ ಬಿದ್ದಿದೆ. ಗಿರಣಿಯ ಸದ್ದಿನಲ್ಲಿ ತಮ್ಮ ಮಾತು ಯಾರಿಗೂ ಕೇಳುವುದಿಲ್ಲ ಎಂದು ಅವರು ತಿಳಿದಿದ್ದಾರೆ, ಅವನಿಗೆ ತುಟಿ ನೋಡಿದರೇ ಗೊತ್ತಾಗುತ್ತದೆ. ಅವನ ನಾಟಕದ ಹೆಂಗಸರು ಪುಸ್ತಕದ ಹೆಂಗಸರ ಹಾಗೆ ಮಾತಾಡುವುದಿಲ್ಲ ಎಂಬುದು ಮೊದಲ ದೃಶ್ಯದಲ್ಲೇ ಕಂಡಿತು.

ಕಥೆಯಲ್ಲಿ ಅಪ್ಪ ಸತ್ತ ಮನೆ. ಅವ್ವ, ಒಬ್ಬ ಅಣ್ಣ, ಒಬ್ಬಳು ತಂಗಿ. ಎಂಟು ಎಕರೆ ಹೊಲ, ಈಚೆಗೆ ಬೋರ್ ಬಿದ್ದು ನೀರು ಬಂದಿದೆ. ಅಣ್ಣ ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟು ಕೊರಳಿಗೆ ನೊಗ ಹಾಕಿಕೊಂಡು ತಂಗಿಯನ್ನು ಓದಿಸಿದ್ದಾನೆ. ಅವಳು ಡಿಗ್ರಿ, ಬಿ.ಇಡಿ ಮುಗಿಸಿ ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಪ್ರೀತಿಸಿದ್ದು ಅದೇ ಊರಿನ ಕೇರಿಯ ಹುಡುಗನನ್ನು. ಅವನು ವಿದ್ಯುತ್ ಕಂಪನಿಯ ಲೈನ್‌ಮನ್, ನೌಕರಿ ಖಾಯಂ ಆಗಿದೆ. ‘ಕೇರಿಯ ಹುಡುಗ’ ಎಂಬ ಮಾತನ್ನು ಸ್ಟೇಜಿನ ಮೇಲೆ ಮೈಕಿನಲ್ಲಿ ಹೇಳುತ್ತಾರೆ. ಕಳೆದುಹೋದ ತಮ್ಮನ ಮಗ, ಮಚ್ಚೆ, ಏನೂ ಇಲ್ಲ. ಆ ಪಾತ್ರ ಮಾಡಿದವನೂ ಕೇರಿಯವನೇ. ವಂತಿಗೆ ಕೊಡುವಷ್ಟು ಅವನ ಹತ್ತಿರ ಇರಲಿಲ್ಲ, ಗಿರಣಿಯವನೇ ತುಂಬಿದ ಎಂದು ಆಮೇಲೆ ತಿಳಿಯಿತು.

ನಾಟಕದ ಮೊದಲ ಒಂದು ತಾಸು ಅಣ್ಣ ತಂಗಿಯದು. ಅಣ್ಣ ಜಾತ್ರೆಯಲ್ಲಿ ತಂಗಿಗೆ ಬಳೆ ಇಡಿಸುವುದು, ಹಾಸ್ಟೆಲಿಗೆ ಸೈಕಲ್ ಮೇಲೆ ರೊಟ್ಟಿ ಬುತ್ತಿ ಒಯ್ಯುವುದು, ಪಂಚಮಿಗೆ ಜೋಕಾಲಿ ಕಟ್ಟುವುದು. ಜನಕ್ಕೆ ಇಂಥದ್ದು ಬೇಕು, ಮೆಚ್ಚಿ ನೋಟು ಪಿನ್ ಮಾಡಿ ಬಂದವರೂ ಇದ್ದರು. ನನಗೆ ಹಿಡಿಸಿದ್ದು ಬೇರೆ. ಈ ಅಣ್ಣ ಖಳನಾಯಕ ಅಲ್ಲ. ಮೀಸೆ ತಿರುವುವುದಿಲ್ಲ, ಕುಡಿದು ಬರುವುದಿಲ್ಲ. ಅವನ ಪ್ರೀತಿ ನಿಜವಾದದ್ದು. ಮುಂದೆ ಆಗುವುದೆಲ್ಲ ಭಯ ಹುಟ್ಟಿಸುವುದು ಅದಕ್ಕೇ. ಕೆಟ್ಟವನು ಕೆಟ್ಟದ್ದು ಮಾಡಿದರೆ ನಾವು ಬೈದು ಮನೆಗೆ ಹೋಗುತ್ತೇವೆ. ತಂಗಿಗೆ ಬುತ್ತಿ ಹೊತ್ತವನು ಮಾಡಿದರೆ ಏನು ಹೇಳುವುದು?

ಹುಡುಗ ಹುಡುಗಿ ಓಡಿಹೋಗುವುದಿಲ್ಲ. ತಾಲ್ಲೂಕಿನ ಉಪನೋಂದಣಿ ಕಚೇರಿಗೆ ಹೋಗಿ ವಿಶೇಷ ವಿವಾಹ ಕಾಯ್ದೆಯಲ್ಲಿ ಅರ್ಜಿ ಕೊಡುತ್ತಾರೆ. 1954ರ ಆ ಕಾಯ್ದೆಯ ಪ್ರಕಾರ ಮದುವೆಯ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಮೂವತ್ತು ದಿನ ಕಾಯಬೇಕು, ತಕರಾರು ಇದ್ದವರು ಹೇಳಬಹುದು. ಅಲ್ಲಿಗೆ ದಿನಾ ಬರುವ ಒಬ್ಬ ಬಾಂಡ್ ರೈಟರ್ ಆ ನೋಟಿಸನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಸ್ಟೇಜಿನ ಮೇಲೆ ಒಬ್ಬೊಬ್ಬರದೇ ಫೋನು ಟಿಂಗ್ ಟಿಂಗ್ ಎನ್ನುತ್ತದೆ. ಕಟ್ಟೆಯ ಮೇಲೆ ಕೂತವರು, ಹೊಲದಲ್ಲಿದ್ದವರು, ಕ್ಷೌರಕ್ಕೆ ಕೂತವನು, ಎಲ್ಲರೂ ಫೋನು ನೋಡುತ್ತಾರೆ. ಅಣ್ಣನದೂ ಕೊನೆಗೆ ಟಿಂಗ್ ಎನ್ನುತ್ತದೆ. ಮಾತೇ ಇಲ್ಲದ ದೃಶ್ಯ. ಇಡೀ ಮೈದಾನ ಗಪ್ಪಾಯಿತು.

ಕಾಯ್ದೆ ಗೊತ್ತಿದ್ದವರು ಇಲ್ಲೊಂದು ತಕರಾರು ತೆಗೆಯಬಹುದು. ಇಬ್ಬರೂ ಹಿಂದೂಗಳೇ, ಯಾವುದಾದರೂ ಗುಡಿಯಲ್ಲಿ ತಾಳಿ ಕಟ್ಟಿ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸಬಹುದಿತ್ತು, ಮೂವತ್ತು ದಿನದ ನೋಟಿಸಿನ ಗೋಜೇ ಇರುತ್ತಿರಲಿಲ್ಲ. ನಾಟಕದಲ್ಲಿ ಹುಡುಗ ಇದನ್ನೇ ಹೇಳುತ್ತಾನೆ. ಕದ್ದು ಕಟ್ಟಿಸಿಕೊಂಡ ತಾಳಿ ತನಗೆ ಬೇಡ ಎನ್ನುತ್ತಾಳೆ ಅವಳು. ಎಲ್ಲರೂ ಓದಲಿ ಎಂದೇ ನೋಟಿಸು ಹಚ್ಚಿಸುತ್ತಾಳೆ. ಪಾತ್ರ ನನಗೆ ಗಟ್ಟಿಯಾಗಿ ಕಂಡದ್ದು ಆ ಕ್ಷಣದಲ್ಲಿ. ಹಾಗೆಂದು ನಿಜ ಜೀವನದಲ್ಲಿ ಯಾರಿಗೂ ಈ ಧೈರ್ಯದ ಸಲಹೆ ಕೊಡಲು ನನಗೆ ಬಾಯಿ ಬರುವುದಿಲ್ಲ. ಆ ಮೂವತ್ತು ದಿನಗಳು ಕಾನೂನಿನ ಪುಸ್ತಕದಲ್ಲಿ ಕಾಣುವಷ್ಟು ಚಿಕ್ಕವಲ್ಲ.

ನಡುವಿನ ಎರಡು ತಾಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾಸ್ಯದ ಜೋಡಿ ಬಂತು, ಸೀರೆ ಸೆರಗಿನ ಮೇಲೆ ನಾಲ್ಕು ಕೊಳಕು ಜೋಕು ಹೇಳಿತು, ಸಿನಿಮಾ ಹಾಡಿಗೆ ಡಾನ್ಸ್ ಆಯಿತು, ಮತ್ತೆ ಅದೇ ಹಾಡು ‘ಒನ್ಸ್ ಮೋರ್’ ಆಯಿತು. ಇದಿಲ್ಲದಿದ್ದರೆ ಜನ ಕೂರುವುದಿಲ್ಲ ಎಂದು ಮಾಸ್ತರು ಹೇಳುತ್ತಾರೆ. ಅವತ್ತು ಜನ ಎದ್ದು ಚಹಾ ಕುಡಿಯಲು ಹೋದದ್ದು ಇದೇ ಹೊತ್ತಿನಲ್ಲಿ, ಅದನ್ನು ಮಾಸ್ತರು ನೋಡಿದರೋ ಇಲ್ಲವೋ. ಲೈನ್‌ಮನ್ ಪಾತ್ರವೂ ಸೊರಗಿದೆ. ಅವನು ಬರೀ ಒಳ್ಳೆಯವನು. ಒಳ್ಳೆಯವನು ಎಂಬುದನ್ನು ಬಿಟ್ಟರೆ ಅವನಿಗೆ ಸಿಟ್ಟಿಲ್ಲ, ಆಸೆಯಿಲ್ಲ, ತನ್ನ ಕೇರಿಯವರ ಜೊತೆ ಒಂದು ಜಗಳವಿಲ್ಲ. ಅವನ ಅವ್ವ ಅಪ್ಪ ಎಲ್ಲಿ? ಈ ಮದುವೆಯಿಂದ ಮೊದಲು ಏಟು ಬೀಳುವುದು ಅವರ ಮನೆಗೆ, ಆ ಮನೆಯನ್ನು ನಾಟಕ ತೋರಿಸುವುದೇ ಇಲ್ಲ. ಗಿರಣಿಗೆ ಕೇರಿಯ ಹೆಂಗಸರೂ ಬರುತ್ತಾರಲ್ಲ, ಅವರ ಮಾತು ಯಾಕೆ ಕೇಳಿಸಲಿಲ್ಲ?

ಅವ್ವನ ಪಾತ್ರ ಚಿಕ್ಕದು, ಆದರೆ ಇಡೀ ನಾಟಕ ಅದರ ಮೇಲೆ ನಿಂತಿದೆ. ಇಳಕಲ್ಲಿನಿಂದ ಬಂದಿದ್ದ ಹಿರಿಯ ಕಲಾವಿದೆ ಆ ಪಾತ್ರ ಮಾಡಿದರು. ಮಗಳನ್ನು ಕೂರಿಸಿಕೊಂಡು ತಲೆ ಬಾಚುತ್ತ ತನ್ನ ತವರಿನ ಕಥೆ ಹೇಳುತ್ತಾಳೆ. ಗಂಡ ಸತ್ತಾಗ ಮಕ್ಕಳ ಓದಿಗೆಂದು ತವರಿನ ಹೊಲದಲ್ಲಿ ಪಾಲು ಕೇಳಿದ್ದಳಂತೆ. ಅಣ್ಣಂದಿರು ಇಲ್ಲ ಎನ್ನಲಿಲ್ಲ, ಬೈಯಲಿಲ್ಲ. ಮುಂದಿನ ಪಂಚಮಿಗೆ ಕರೆಯಲು ಬರಲಿಲ್ಲ, ಅಷ್ಟೇ. ಅದರ ಮುಂದಿನ ಪಂಚಮಿಗೂ ಬರಲಿಲ್ಲ. ಪ್ರತಿ ವರ್ಷ ಉಂಡಿ ಕಟ್ಟಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಬಸ್ಸು ಬಂದು ಹೋಗುತ್ತಿತ್ತು ಎನ್ನುತ್ತಾಳೆ. ಹೇಳುವಾಗ ಅಳುವುದಿಲ್ಲ, ಬಾಚುತ್ತಲೇ ಇರುತ್ತಾಳೆ. ಹೆಂಗಸರು ಕೂತ ಕಡೆ ತಿರುಗಿ ನೋಡಿದೆ. ಸೆರಗು ಬಾಯಿಗೆ ಹೋಗದವರು ಕಡಿಮೆ.

ಪಂಚಮಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಏನು ಎಂದು ಬೇರೆ ಸೀಮೆಯವರಿಗೆ ಹೇಳುವುದು ಕಷ್ಟ. ಹಬ್ಬ ಎಂದರೆ ಕಡಿಮೆಯಾಯಿತು. ಶ್ರಾವಣದಲ್ಲಿ ಅಣ್ಣನೋ ತಮ್ಮನೋ ಬಂದು ಕರೆದೊಯ್ದರೆ ಅವಳಿಗೆ ತವರು ಇದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಬರದಿದ್ದರೆ ಇಲ್ಲ ಎಂದು ಗೊತ್ತಾಗುತ್ತದೆ. ಗಂಡನ ಮನೆಯಲ್ಲಿ ಅವಳನ್ನು ಮಾತಾಡಿಸುವ ದನಿಯೇ ಅದರ ಮೇಲೆ ಬದಲಾಗುತ್ತದೆ.

ಕೊನೆಯ ದೃಶ್ಯ ಉಪನೋಂದಣಿ ಕಚೇರಿಯಲ್ಲಿ. ಬಾಡಿಗೆ ಸೀನರಿಯಲ್ಲಿ ಅರಮನೆ, ಕಾಡು, ರಸ್ತೆ, ಬಡವರ ಮನೆ ಎಂದು ನಾಲ್ಕೇ ಪರದೆ. ಸರ್ಕಾರಿ ಕಚೇರಿಯ ಪರದೆ ಎಲ್ಲಿಂದ ತರುವುದು? ಬಡವರ ಮನೆಯ ಪರದೆ ಬಿಟ್ಟು, ಒಂದು ಮೇಜು, ಗಾಂಧಿ ಫೋಟೊ, ಒಂದು ನೋಟಿಸ್ ಬೋರ್ಡು ಇಟ್ಟಿದ್ದರು. ಬೋರ್ಡಿನ ಮೇಲೆ ಮದುವೆಯ ನೋಟಿಸು. ಹುಡುಗಿ, ಹುಡುಗ, ಕಾಯ್ದೆ ಕೇಳುವ ಮೂವರು ಸಾಕ್ಷಿಗಳು ಬೆಂಚಿನ ಮೇಲೆ ಕೂತಿದ್ದಾರೆ. ಅಣ್ಣ ಬರುತ್ತಾನೆ. ಜನ ಕೊಡಲಿ ಹುಡುಕಿದರು. ಅವನ ಕೈಯಲ್ಲಿದ್ದದ್ದು ಒಂದು ಛಾಪಾ ಕಾಗದ.

ಹಕ್ಕು ಬಿಡುಗಡೆ ಪತ್ರ. ಎಂಟು ಎಕರೆಯಲ್ಲಿ ತನಗೆ ಬರುವ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಕಾಗದ. ಯಾರನ್ನು ಬೇಕಾದರೂ ಮದುವೆಯಾಗು, ಇದಕ್ಕೆ ಸಹಿ ಮಾಡಿ ಹೋಗು, ಮತ್ತೆ ಊರಿಗೆ ಬರಬೇಡ ಎನ್ನುತ್ತಾನೆ. ಅಲ್ಲಿಯವರೆಗೆ ಮರ್ಯಾದೆ, ಮನೆತನ, ಅಪ್ಪನ ಹೆಸರು ಎಂದೆಲ್ಲ ಆಡಿದ ಮಾತಿನ ಕೆಳಗೆ ಎಷ್ಟು ಎಕರೆ ಇತ್ತು ಎಂದು ಆ ಒಂದು ಕಾಗದ ತೋರಿಸಿಬಿಟ್ಟಿತು. ನಮ್ಮ ತಾಲ್ಲೂಕುಗಳ ಉಪನೋಂದಣಿ ಕಚೇರಿ ನೋಡಿದವರಿಗೆ ಇದು ನಾಟಕ ಅನ್ನಿಸುವುದಿಲ್ಲ. ಪ್ರೀತಿಸಿದವರು ಮದುವೆ ನೋಂದಾಯಿಸುವುದೂ ಅಲ್ಲೇ, ತಂಗಿಯರಿಂದ ಹಕ್ಕು ಬಿಡಿಸಿಕೊಳ್ಳುವುದೂ ಅಲ್ಲೇ, ಅದೇ ಮೇಜು, ಅದೇ ಹೆಬ್ಬೆಟ್ಟಿನ ಯಂತ್ರ.

ಹುಡುಗಿ ಕಾಗದವನ್ನು ಪೂರ್ತಿ ಓದುತ್ತಾಳೆ, ಮೈಕಿನ ಮುಂದೆ, ನಿಧಾನವಾಗಿ. ‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂಬಲ್ಲಿಗೆ ಬಂದಾಗ ಹೆಂಗಸರ ಕಡೆಯಿಂದ ಒಂದು ನಗೆ ಎದ್ದಿತು. ಹಾಸ್ಯದ ಜೋಡಿ ಎರಡು ತಾಸು ಒದ್ದಾಡಿದರೂ ಅಂಥ ನಗೆ ಬಂದಿರಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ಕೇಳುತ್ತಾಳೆ: “ಸಹಿ ಮಾಡ್ತೀನಿ ಅಣ್ಣಾ. ಪಂಚಮಿಗೆ ಕರಿಯಾಕ ಬರ್ತೀಯೇನ್?”

ಅಣ್ಣ ಸುಮ್ಮನೆ ನಿಲ್ಲುತ್ತಾನೆ. ಹಾರ್ಮೋನಿಯಂ ಕೂಡ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ಪರದೆ ಬಿತ್ತು.

ಜನ ಏಳಲಿಲ್ಲ. ಮುಂದಿನ ಸೀನಿಗೆ ಕಾಯುತ್ತಿದ್ದರು. ನಾಟಕ ಮುಗಿದಿದೆ, ಸಾಮಾನು ನೋಡಿಕೊಂಡು ಹೋಗಿ ಎಂದು ಮೈಕಿನಲ್ಲಿ ಹೇಳಬೇಕಾಯಿತು. ಶಿಳ್ಳೆ ಇಲ್ಲ, ಮಂಗಳಾರತಿ ಹಾಡಿಗೂ ಅರ್ಧ ಜನ ಎದ್ದು ನಿಂತದ್ದು ತಡವಾಗಿ. ಜಗಳ ಶುರುವಾದದ್ದು ಬೆಳಗಿನ ಚಹಾದ ಅಂಗಡಿಯಲ್ಲಿ.

ಗಂಡಸರಲ್ಲಿ ಒಂದು ಗುಂಪು, ಅಣ್ಣ ಎಂಬುವವನು ಕೆನ್ನೆಗೆ ಎರಡು ಬಿಟ್ಟು ಎಳೆದುಕೊಂಡು ಹೋಗಬೇಕಿತ್ತು ಎಂದಿತು. ಇನ್ನೊಂದು ಗುಂಪು, ಹೊಲ ಬಿಟ್ಟುಕೊಟ್ಟಳಲ್ಲ, ಇನ್ನೇನು ಬೇಕು, ‘ಬರ್ತೀನಿ ತಂಗಿ’ ಎಂದುಬಿಟ್ಟಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು ಎಂದಿತು. ಹೆಂಗಸರು ಬಹಿರಂಗವಾಗಿ ಏನೂ ಹೇಳಲಿಲ್ಲ. ಗಿರಣಿಯಲ್ಲಿ ಮಾತ್ರ ಆ ವಾರವೆಲ್ಲ ಅದೇ ಮಾತಂತೆ. ಜಾತ್ರಾ ಕಮಿಟಿಯವರು ಗಿರಣಿಯವನನ್ನು ಕರೆಸಿದರು. ಮೂರನೆಯ ದಿನ ಎರಡನೆಯ ಪ್ರಯೋಗ ಇತ್ತು. ಕೊನೆ ಬದಲಿಸು, ಕೇರಿ ಎಂಬ ಮಾತು ತೆಗೆ, ಇಂಥ ಮದುವೆ ನಮ್ಮ ಸಂಸ್ಕೃತಿ ಅಲ್ಲ ಎಂದರು. ಹಾಗೆ ಹೇಳಿದ ಸ್ಟೇಜಿನ ಮೇಲೆಯೇ ಬಸವಣ್ಣನ ಫೋಟೊ ಇತ್ತು, ಹಿಂದಿನ ರಾತ್ರಿ ಹಾಕಿದ ಮಾಲೆ ಬಾಡಿರಲಿಲ್ಲ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯ ಕಥೆ ಅಲ್ಲಿದ್ದ ಎಲ್ಲರಿಗೂ ಗೊತ್ತು. ಆ ಇಬ್ಬರು ತಂದೆಯರಿಗೆ ಏನಾಯಿತು ಎಂದೂ ಗೊತ್ತು.

ಕಮಿಟಿಯವರ ಹೆದರಿಕೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಗಜೇಂದ್ರಗಡ ಸೀಮೆಯ ಲಕ್ಕಲಕಟ್ಟಿ ಅಲ್ಲಿಂದ ದೂರವಿಲ್ಲ. 2019ರ ನವೆಂಬರ್‌ನಲ್ಲಿ ಅಲ್ಲಿ ಏನಾಯಿತು ಎಂಬುದನ್ನು ಈ ಭಾಗದವರು ಮರೆತಿಲ್ಲ. ಜಾತಿ ಮೀರಿ ಮದುವೆಯಾಗಿ, ಬೇರೆ ಊರಲ್ಲಿ ದುಡಿದು ಬದುಕುತ್ತಿದ್ದ ಗಂಡ ಹೆಂಡತಿ ದೀಪಾವಳಿಯ ಹೊತ್ತಿಗೆ ಊರಿಗೆ ಬಂದಿದ್ದರು. ಹೆಣ್ಣಿನ ಕಡೆಯವರೇ ಇಬ್ಬರನ್ನೂ ಕಲ್ಲಿನಿಂದ ಹೊಡೆದು ಕೊಂದರು. 2025ರ ಜನವರಿಯಲ್ಲಿ ಗದಗ ಜಿಲ್ಲಾ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ತೀರ್ಪು ಬಂದ ದಿನ ಟಿವಿಯವರೆಲ್ಲ ಬಂದರು, ಗಲ್ಲು ಎಂಬ ಪದ ಇಡೀ ದಿನ ಓಡಿತು. ಸತ್ತವರು ಹಬ್ಬಕ್ಕೆಂದು ಊರಿಗೆ ಬಂದವರು ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಊರು ಬಿಟ್ಟು ದೂರ ಇದ್ದಿದ್ದರೆ ಬದುಕುತ್ತಿದ್ದರೇನೋ. ಆದರೂ ಬಂದರು. ಪ್ರೀತಿಸಿದವರಿಗೆ ಮನೆ ಬೇಡ, ಅವರು ಮನೆಯನ್ನು ಧಿಕ್ಕರಿಸಿ ಹೋದವರು ಎಂದು ನಾವು ಹೇಳುತ್ತೇವೆ, ಪತ್ರಿಕೆಯಲ್ಲೂ ಹಾಗೇ ಬರೆಯುತ್ತಾರೆ. ಗಿರಣಿಯವನ ನಾಟಕದ ದೊಡ್ಡ ಮಾತು ಇದೇ ಎಂದು ನನಗೆ ಅನ್ನಿಸುತ್ತದೆ. ಆ ಹುಡುಗಿಗೆ ಲೈನ್‌ಮನ್ನೂ ಬೇಕು, ಅಣ್ಣನೂ ಬೇಕು. ಎರಡೂ ಕೇಳುವುದು ದುರಾಸೆ ಎಂದು ಯಾರು ತೀರ್ಮಾನಿಸಿದರು?

ಗಿರಣಿಯವನ ಜೊತೆ ನನಗೆ ಜಗಳ ಇರುವುದು ಬೇರೆ ವಿಷಯಕ್ಕೆ. ಅವಳು ಸಹಿ ಯಾಕೆ ಮಾಡಬೇಕು? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂಬ ತಿದ್ದುಪಡಿ 1994ರಿಂದಲೇ ಇದೆ. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಬೇರೆ ಜಾತಿಯವನನ್ನು ಮದುವೆಯಾದರೆ ಪಾಲು ಹೋಗುತ್ತದೆ ಎಂದು ಇವುಗಳಲ್ಲಿ ಎಲ್ಲೂ ಇಲ್ಲ. ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ ಹೈಸ್ಕೂಲು ಹುಡುಗಿಯರು ಏನು ಕಲಿತರು? ಒಳ್ಳೆಯ ತಂಗಿ ಎಂದರೆ ಸಹಿ ಮಾಡುವವಳು ಎಂದಲ್ಲವೇ? ‘ಹೇಮರಡ್ಡಿ ಮಲ್ಲಮ್ಮ’ನ ಕಾಲದಿಂದ ನಮ್ಮ ಸ್ಟೇಜಿನ ಹೆಣ್ಣು ತ್ಯಾಗ ಮಾಡಿಯೇ ದೊಡ್ಡವಳಾಗಿದ್ದಾಳೆ. ಹೊಸ ನಾಟಕವೂ ಕೊನೆಗೆ ಅವಳ ಕೈಗೇ ಪೆನ್ನು ಕೊಟ್ಟಿತು.

ಇದನ್ನು ಅವನಿಗೆ ಹೇಳಿದೆ. ಅವನು ಬೆಲ್ಟು ಬಿಚ್ಚಿ ಗಿರಣಿ ನಿಲ್ಲಿಸಿ ಮಾತಾಡಿದ. ಇಪ್ಪತ್ತು ವರ್ಷದಲ್ಲಿ ಸಹಿ ಮಾಡಿದ ಎಷ್ಟೋ ಹೆಣ್ಣುಮಕ್ಕಳ ಮಾತು ಕೇಳಿದ್ದೇನೆ, ಒಬ್ಬಳೂ ಕಾನೂನು ಗೊತ್ತಿಲ್ಲದೆ ಮಾಡಿದವಳಲ್ಲ ಎಂದ. ಎಲ್ಲರಿಗೂ ಗೊತ್ತು. ಹೊಲ ಕೊಟ್ಟು ತವರು ಕೊಂಡುಕೊಳ್ಳುತ್ತಾರೆ, ವರ್ಷಕ್ಕೊಂದು ಸೀರೆ, ಒಂದು ಬಸ್ ಚಾರ್ಜು, ಬಾಗಿಲಲ್ಲಿ ‘ಬಾರವ್ವ’ ಎಂಬ ಮಾತು. ಅದನ್ನು ತೋರಿಸಿದ್ದೇನೆ, ಸರಿ ಎಂದು ಎಲ್ಲಿ ಹೇಳಿದ್ದೇನೆ ಎಂದ. ಸಹಿ ಬೀಳುವ ಮೊದಲೇ ಪರದೆ ಬಿಟ್ಟಿದ್ದೇನೆ, ನೋಡಲಿಲ್ಲವೇ ಎಂದೂ ಕೇಳಿದ. ನೋಡಿದ್ದೆ. ಪೆನ್ನು ಕಾಗದಕ್ಕೆ ತಾಗಿರಲಿಲ್ಲ, ಅದು ನಿಜ. ಆದರೆ ಅವಳು ‘ಮಾಡ್ತೀನಿ’ ಎಂದದ್ದು ಐನೂರು ಜನಕ್ಕೆ ಕೇಳಿದೆ. ನನ್ನ ತಕರಾರು ಹಾಗೇ ಉಳಿದಿದೆ. ಅವನ ಉತ್ತರವೂ ನನ್ನ ತಲೆಯಲ್ಲಿ ಹಾಗೇ ಉಳಿದಿದೆ.

ಎರಡನೆಯ ಪ್ರಯೋಗ ನಡೆಯಿತು. ಒಪ್ಪಂದ ಏನಾಯಿತೆಂದರೆ, ಇದು ಈ ಊರಿನ ಯಾರ ಮನೆಯ ಕಥೆಯೂ ಅಲ್ಲ ಎಂದು ಮೊದಲು ಮೈಕಿನಲ್ಲಿ ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದರಿಂದ, ಯಾರ ಮನೆಯದು ಎಂದು ಹುಡುಕದವರೂ ಹುಡುಕಲು ಶುರು ಮಾಡಿದರು. ಕೇರಿ ಎಂಬ ಮಾತು ಉಳಿಯಿತು. ಅದನ್ನು ಉಳಿಸಿದ್ದು ಗಿರಣಿಯವನಲ್ಲ, ಇಳಕಲ್ಲಿನ ಆ ಹಿರಿಯ ಕಲಾವಿದೆ. ತಾನು ಒಂದು ಸಲ ಬಾಯಿಪಾಠ ಮಾಡಿದ ಮಾತನ್ನು ಎರಡು ದಿನದಲ್ಲಿ ಬದಲಿಸಲು ಆಗುವುದಿಲ್ಲ, ಬೇಕಾದರೆ ಬೇರೆಯವರನ್ನು ಕರೆಸಿ ಎಂದುಬಿಟ್ಟರಂತೆ. ಜಾತ್ರೆಯ ಸೀಸನ್ನಿನಲ್ಲಿ ಬೇರೆಯವರು ಎಲ್ಲಿ ಸಿಗುತ್ತಾರೆ? ಹೆಂಗಸರ ಕಡೆ ಅವತ್ತು ಜಾಗ ಸಾಲಲಿಲ್ಲ. ಸುತ್ತಲ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು.

ಈಗ ನಾಟಕದ ಕೈಬರಹದ ಪ್ರತಿಯನ್ನು ಮೂರು ಊರಿನವರು ಕೇಳಿದ್ದಾರೆ. ಒಂದು ಊರಿನವರು ಹುಡುಗನನ್ನು ನಮ್ಮವನನ್ನೇ ಮಾಡಿ ಕೊಡು ಎಂದರು; ಅವರಿಗೆ ಕೊಡಲಿಲ್ಲ. ಇನ್ನಿಬ್ಬರು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಅದರಲ್ಲಿ ಒಂದು ಊರಲ್ಲಿ ತಾಲೀಮು ಇನ್ನೂ ಶುರುವಾಗಿಲ್ಲ. ಲೈನ್‌ಮನ್ ಪಾತ್ರಕ್ಕೆ ಹುಡುಗ ಸಿಕ್ಕಿದ್ದಾನೆ, ಬಾಂಡ್ ರೈಟರ್ ಸಿಕ್ಕಿದ್ದಾನೆ. ಅಣ್ಣನ ಪಾತ್ರಕ್ಕೆ ಮಾತ್ರ ಯಾರೂ ಒಪ್ಪುತ್ತಿಲ್ಲವಂತೆ. ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟು, ಕೊನೆಗೆ ಎಲ್ಲರೆದುರು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾ ಎಂದು ಕೇಳುತ್ತಿದ್ದಾರಂತೆ.